ಗುಂಪಣ್ಣನ ಮೊದಲ ಗುಂಪು

ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವವನನ್ನು ಎಲ್ಲರೂ ಗುಂಪಣ್ಣ ಎಂದೇ ಕರೆಯುತ್ತಿದ್ದರು. ವೆಬ್‌ಸೈಟುಗಳ ಹೆಸರುಗಳನ್ನು ಗುಂಪು ಗುಂಪಾಗಿ ಕಟ್ಟಿ, ಯಾವುದು ಮೊದಲು ಓಡಬೇಕು, ಯಾವುದು ಕಾಯಬೇಕು ಎಂದು ತೀರ್ಮಾನಿಸುವುದೇ ಅವನ ಕೆಲಸ. ಹೊಸದಾಗಿ ಸೇರಿದ ಸಹಾಯಕಿ ಅವನ ಧೈರ್ಯ ಕಂಡು ದಿನಕ್ಕೊಮ್ಮೆಯಾದರೂ ಹೌಹಾರುತ್ತಿದ್ದಳು. ದೊಡ್ಡ ಡಾಕ್ಟರೇ ಬಂದು, "ಫೋನಲ್ಲಿ ನನ್ನ ಕ್ರಿಕೆಟ್ ಮ್ಯಾಚು ಯಾಕಯ್ಯಾ ನಿಂತು ನಿಂತು ಬರುತ್ತೆ?" ಎಂದರೆ, ತಲೆಯನ್ನೂ ಎತ್ತದೆ, "ಅದು ಕಾಯೋ ಗುಂಪು ಸಾರ್. ಸ್ಕ್ಯಾನಿಂಗ್ ಚಿತ್ರ ಹೋಗ್ಲಿ, ಆಮೇಲೆ ನೀವು" ಎನ್ನುವನು. ಮುಲಾಜೆಂಬುದು ಅವನ ಜಾಯಮಾನದಲ್ಲೇ ಇರಲಿಲ್ಲ. ಒಂದು ಮಧ್ಯಾಹ್ನ ಸಹಾಯಕಿ ಆ ಗುಂಪುಗಳ ಪಟ್ಟಿ ತೆರೆದು ನೋಡಿದಳು: ತುರ್ತು ಚಿಕಿತ್ಸೆಯ ಮೊದಲ ಗುಂಪಿನಲ್ಲಿ ವಿಡಿಯೋ ಹರಟೆಯ ಸೈಟೊಂದು ರಾಜಾರೋಷವಾಗಿ ಕೂತಿತ್ತು! "ಅಣ್ಣಾ, ಗೊತ್ತಾದ್ರೆ ನಿಮ್ಮ ಕೆಲಸ ಹೋಗುತ್ತೆ!" ಗುಂಪಣ್ಣ ಮೆಲ್ಲಗೆ ಹೇಳಿದ: "ಊಟದ ಹೊತ್ತಲ್ಲಿ ಅರ್ಧ ಗಂಟೆ ಮಾತ್ರ ಕಣಮ್ಮ. ನೆಲ ಒರೆಸೋ ಅಕ್ಕನ ಮಗಳಿಗೆ ಕಿವಿ ಕೇಳ್ಸಲ್ಲ. ಹಾಸ್ಟೆಲ್ಲಿಂದ ಕೈಸನ್ನೇಲೇ ಅಮ್ಮನ ಹತ್ರ ಮಾತಾಡ್ತಾಳೆ. ಚಿತ್ರ ನಿಂತ್ರೆ ಮಗು ಮಾತೇ ತುಂಡಾಗುತ್ತೆ." ಸಹಾಯಕಿ ದಂಗಾಗಿ ಬಾಗಿಲಾಚೆ ನೋಡಿದಳು. ಮೆಟ್ಟಿಲ ಮೇಲೆ ಆ ತಾಯಿ ಫೋನನ್ನು ಬಕೆಟ್ಟಿಗೆ ಒರಗಿಸಿಕೊಂಡು, ಎರಡೂ ಕೈಯಲ್ಲಿ ಮಗಳ ಜೊತೆ ರಭಸದಿಂದ ಜಗಳವಾಡುತ್ತಿದ್ದಳು.