ಕಾಗದದ ಮೇಲೆ ಬಂದ ಕೈ

ನಾನು ಚಿಕ್ಕವಳಿದ್ದಾಗ ಹೂ ಕೀಳುವುದು ತಪ್ಪು ಅಂತ ನಮ್ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಎಂಬತ್ತರ ದಶಕ. ಬೆಂಗಳೂರಿನ ಕಾನ್ವೆಂಟ್ ಬಿಡಿಸಿ ಅಪ್ಪ ನನ್ನನ್ನು ಅಮೆರಿಕದ ಸನ್ನಿವೇಲಿಗೆ ಕರೆತಂದಿದ್ದರು. ಅಜ್ಜಿಯೂ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ದಿನಾ ಬೆಳಿಗ್ಗೆ ಸ್ವೆಟರಿನ ಮೇಲೆ ಸೆರಗು ಹೊದ್ದು, ಬೇಲಿಯಾಚೆ ಬಗ್ಗಿದ ಹೂವನ್ನೆಲ್ಲ ಗ್ರೋಸರಿ ಕವರಿಗೆ ಕೊಯ್ದು ತರುತ್ತಿದ್ದರು.

ಪಕ್ಕದ ಮನೆಯ ವಯಸ್ಸಾದ ಅಮೆರಿಕನ್ ಆಂಟಿ ಐರಿಸ್ ಎಂಬ ಹೂಗಿಡ ಬೆಳೆಸುತ್ತಿದ್ದರು. ಎರಡು ಗಿಡಗಳ ಪರಾಗ ಕೂಡಿಸಿ, ಬೀಜ ಬಿತ್ತಿ, ಮೂರು ವರ್ಷ ಕಾದ ಮೇಲೆ ಆ ಶುಕ್ರವಾರ ಒಂದೇ ಒಂದು ಹೂ ಅರಳಿತ್ತು. ಜೇನಿನ ಬಣ್ಣ, ಅಂಚಿಗೆ ನೇರಳೆ. ಅಂಥ ಹೂವು ಪ್ರಪಂಚದಲ್ಲಿ ಅದೇ ಮೊದಲು! ಹೊಸ ಹೂವನ್ನೆಲ್ಲ ಆಂಟಿ ಬಾಡುವ ಮೊದಲು ಚಿತ್ರ ಬರೆದಿಡುತ್ತಿದ್ದರು, ನೂರು ವರ್ಷ ಹಳೆಯ ಕ್ಯಾಮೆರಾ ಲೂಸಿಡಾದಲ್ಲಿ. ಹೆಸರು ಕ್ಯಾಮೆರಾ, ಫಿಲ್ಮ್ ಇಲ್ಲ. ಟೇಬಲಿನ ಅಂಚಿಗೆ ಬಿಗಿದ ಹಿತ್ತಾಳೆ ಕಡ್ಡಿ, ತುದಿಯಲ್ಲಿ ಸಣ್ಣ ಪ್ರಿಸಂ. ಅದಕ್ಕೆ ಕಣ್ಣಿಟ್ಟು ಕೆಳಗೆ ನೋಡಿದರೆ ಎದುರಿನ ಹೂವು ಕಾಗದದ ಮೇಲೆ ತೇಲುತ್ತಿತ್ತು. ಅದರ ಮೇಲೇ ಪೆನ್ಸಿಲ್ ಓಡಿಸಬೇಕು. ತಲೆ ಕೂದಲೆಳೆಯಷ್ಟು ಅಲುಗಿದರೂ ಹೂವು ಜಾರಿಬಿಡುತ್ತಿತ್ತು.

ಅಂದೂ ಬೇಲಿಯ ಪಕ್ಕ ಟೇಬಲ್ ಹಾಕಿ ಬರೆಯುತ್ತಿದ್ದರು, ನಾನು ಜೊತೆಗಿದ್ದೆ. ಮನೆಯೊಳಗೆ ಫೋನ್ ರಿಂಗಾಯಿತು. ಆಂಟಿ ಮೊದಲ ಸಲ ಪೆನ್ಸಿಲ್ ನನ್ನ ಕೈಗಿಟ್ಟರು. “ಈ ಒಂದು ಪೆಟಲ್ ನಿನ್ನದು. ಡೋಂಟ್ ಮೂವ್ ಯುವರ್ ಹೆಡ್!”

ನಾನು ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಿದ್ದೆ. ಇದ್ದಕ್ಕಿದ್ದಂತೆ ಕಾಗದದ ಮೇಲೆ ಒಂದು ಕೈ ಬಂತು. ಹಸಿರು ಗಾಜಿನ ಬಳೆಗಳು. ಆ ಕೈ ನನ್ನ ಪೆನ್ಸಿಲಿನ ಪಕ್ಕದಲ್ಲೇ ಹೂವನ್ನು ಹಿಡಿದು ಚಿವುಟಿತು. ಬಿಳಿ ಹಾಳೆಯಲ್ಲಿ ಅರ್ಧ ಗೆರೆ ಮಾತ್ರ ಉಳಿಯಿತು. ತಲೆಯೆತ್ತುವಷ್ಟರಲ್ಲಿ ಬೇಲಿಯಾಚೆ ನಮ್ಮನೆಯ ಹಿತ್ತಿಲ ಬಾಗಿಲು ಮುಚ್ಚಿದ ಸದ್ದು.

ಓಡಿದೆ. ಅಡುಗೆಮನೆಯ ಕೌಂಟರಿನ ಮೂಲೆಯೇ ನಮ್ಮ ದೇವರಮನೆ. ಹೂವು ಆಗಲೇ ಲಕ್ಷ್ಮಿ ಫೋಟೋದ ಮೇಲಿತ್ತು, ಮುಂದೆ ದೀಪ.

“ಅಜ್ಜೀ, ಅದು ಆಂಟಿದು! ಮೂರು ವರ್ಷದಿಂದ ಕಾಯ್ತಿದ್ರು!”

“ಬೇಲಿಯಾಚೆ ಬಗ್ಗಿತ್ತಲ್ಲೇ. ನಮ್ಮೂರಲ್ಲಿ ಯಾರೂ ಏನೂ ಅನ್ನಲ್ಲ.”

“ಇದು ನಿಮ್ಮೂರಲ್ಲ ಅಜ್ಜಿ! ಕೊಡಿ ಅದನ್ನ.”

“ಏರಿಸಿದ ಹೂವನ್ನ ಇಳಿಸ್ತಾರೇನೇ?” ಅಂದರು. ಆದರೆ ಅವರ ದನಿ ತಗ್ಗಿತ್ತು.

ಅಳಿಲು ತಿಂತು ಅಂತ ಆಂಟಿಗೆ ಹೇಳಿಬಿಡಲೇ? ಅಷ್ಟರಲ್ಲಿ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಬರಿಯ ದಂಟಿನ ಮುಂದೆ ನಿಂತಿದ್ದ ಆಂಟಿಯ ಕೈ ಹಿಡಿದರು. “ತಪ್ಪಾಯ್ತು ತಾಯಿ. ಬನ್ನಿ.” ಆಂಟಿಗೆ ಕನ್ನಡ ಬಾರದು. ಆದರೂ ಬಂದರು, ಬಾಗಿಲಲ್ಲಿ ಶೂ ಬಿಚ್ಚಿದರು. ಫೋಟೋದ ಮುಂದೆ ಬಗ್ಗಿ ಹೂವನ್ನು ನೋಡಿದರು.

ಏರಿಸಿದ್ದನ್ನು ಇಳಿಸುವಂತಿಲ್ಲ ಅಂತ ನಾನೇ ತೊದಲುತ್ತ ಇಂಗ್ಲಿಷಿನಲ್ಲಿ ಹೇಳಿದೆ.

“ಎಷ್ಟು ಹೊತ್ತು ಇಟ್ಕೊಳ್ತಾಳೆ ನಿಮ್ಮ ಗಾಡೆಸ್?” ಆಂಟಿ ಇಂಗ್ಲಿಷಿನಲ್ಲೇ ಕೇಳಿದರು.

“ನಾಳೆ ಬೆಳಿಗ್ಗೆವರೆಗೆ.”

“ಅಷ್ಟೊತ್ತು ಹೂವು ಇರಲ್ಲ. ಹೋಗು, ಕ್ಯಾಮೆರಾ ತಾ. ಜೋಪಾನ, ಬೀಳಿಸಿಬಿಡ್ತೀಯ.”

ಹಿತ್ತಾಳೆ ಕಡ್ಡಿಯನ್ನು ನಮ್ಮ ಕೌಂಟರಿಗೇ ಬಿಗಿದರು. ಅರ್ಧ ಬರೆದ ಚಿತ್ರಕ್ಕೆ ಇಲ್ಲಿನ ಅಳತೆ ಕೂಡಲಿಲ್ಲ. ಹೊಸ ಹಾಳೆ, ಮೊದಲಿನಿಂದ ಶುರು. ಒಗ್ಗರಣೆ, ಕರ್ಪೂರದ ವಾಸನೆಯ ನಡುವೆ ಪೆನ್ಸಿಲಿನ ಪರಪರ ಸದ್ದು ಮಾತ್ರ. ದೀಪದ ಶಾಖಕ್ಕೆ ಒಂದು ದಳ ಮುರುಟತೊಡಗಿತು. ದೀಪ ಆರಿಸಿ ಅಂತ ಅಜ್ಜಿಗೆ ಯಾರು ಹೇಳಬೇಕು? ನಾನು ಅವರ ಮುಖ ನೋಡಿದೆ. ಅವರು ಲಕ್ಷ್ಮಿಯ ಮುಖ ನೋಡಿದರು. ಆಮೇಲೆ ತಾವೇ ಎರಡೂ ಕೈಯಲ್ಲಿ ದೀಪ ಎತ್ತಿ, ಸ್ಟೋವಿನಾಚೆ ಇಟ್ಟರು.

ಕೊನೆಯ ದಳ ಉಳಿದಾಗ ಆಂಟಿ ಪಕ್ಕಕ್ಕೆ ಸರಿದು ಪೆನ್ಸಿಲ್ ಚಾಚಿದರು. “ಅದು ನಿನ್ನದಲ್ಲವಾ? ಫಿನಿಶ್ ಇಟ್.” ನಾನು ಮುಗಿಸಿದೆ. ಗೆರೆ ಸ್ವಲ್ಪ ನಡುಗಿತ್ತು. ಅವರು ಅಳಿಸಲಿಲ್ಲ.

ಮಕ್ಕಳೇ, ಮೊನ್ನೆ ಪಾರ್ಕಿನಲ್ಲಿ ನೀವಿಬ್ಬರೂ ಐದು ನಿಮಿಷದಲ್ಲಿ ನಲವತ್ತು ಹೂವಿನ ಫೋಟೋ ತೆಗೆದಿರಿ. ಸೋ ಈಸಿ! ಹೂವನ್ನು ಯಾರೇ ಕಿತ್ತರೂ ನಿಮಗೆ ಚಿಂತೆಯಿಲ್ಲ, ಫೋನಿನಲ್ಲಿದೆ. ನಿಮ್ಮನ್ನು ನೋಡಿ ನನಗೆ ಖುಷಿಯೇ. ಆದರೆ ನಮ್ಮ ಕಾಲದಲ್ಲಿ ಒಂದು ಹೂ ಹೋದರೆ, ಒಬ್ಬರ ಮಾತು ಒಬ್ಬರಿಗೆ ಬಾರದ ಇಬ್ಬರು ಮುದುಕಿಯರು ಒಂದೇ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ನಿಲ್ಲಬೇಕಾಗುತ್ತಿತ್ತು.