ಬಾಸಿಂಗ ಕತ್ತರಿಸುವ ಮಷಿನು ನೋಡಲು ಹೋದದ್ದು

ಮಷಿನು ಸರಿಯಾಗಿಯೇ ಇತ್ತು. ಹಾಳು ಮಾಡಿದ್ದು ನಾನು. ಮನೆಗೆ ಬಂದು ತಪ್ಪನ್ನು ಮಷಿನಿನ ತಲೆಗೆ ಕಟ್ಟಿದ್ದೂ ನಾನೇ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದು ಬರೆಯುವುದು ಸುಲಭ.

ನಮ್ಮದು ಶಿರಸಿ ಪೇಟೆಯಲ್ಲಿ ಬಾಸಿಂಗ ಮಾಡುವ ಮನೆ. ಮದುವೆಯ ದಿನ ಗಂಡು ಹೆಣ್ಣಿನ ಹಣೆಗೆ ಕಟ್ಟುತ್ತಾರಲ್ಲ, ಅದು. ಒಳಗೆ ಬೆಂಡು, ಮೇಲೆ ಬೇಗಡೆ. ಬೇಗಡೆ ಎಂದರೆ ಚಿನ್ನದ ಹಾಗೆ ಮಿಂಚುವ ತೆಳು ಹಾಳೆ. ಅದನ್ನು ಕಾಗದಕ್ಕೆ ಅಂಟಿಸಿ, ಒಣಗಿಸಿ, ಗಿಳಿ, ಕಮಲ, ಬಳ್ಳಿ ಕತ್ತರಿಸಿ ಬೆಂಡಿನ ಮೇಲೆ ಕೂರಿಸಬೇಕು. ಬೆಂಡು ಕೊಯ್ಯುವುದು, ಅಂಟು ಕುದಿಸುವುದು, ಮಣಿ ಪೋಣಿಸುವುದು ಎಲ್ಲ ನನ್ನ ಸೊಸೆಗೆ ಬರುತ್ತದೆ, ನನಗಿಂತ ಚೊಕ್ಕವಾಗಿ. ಬೇಗಡೆ ಕತ್ತರಿಸುವುದೊಂದು ನನ್ನ ಕೈಯಲ್ಲಿ ಉಳಿದಿತ್ತು. ನಾನು ಬಿಟ್ಟುಕೊಟ್ಟಿರಲಿಲ್ಲ ಎಂದರೂ ಸರಿಯೇ.

ಹೋದ ಮಳೆಗಾಲದಿಂದ ಬಲಗೈ ಹೆಬ್ಬೆರಳು ನನ್ನ ಮಾತು ಕೇಳುವುದಿಲ್ಲ. ಸಂದು ಸವೆದಿದೆ ಎಂದರು ಡಾಕ್ಟರು. ಕತ್ತರಿ ಹಿಡಿದು ನಾಲ್ಕು ಕಚ್ಚು ಹಾಕುವಷ್ಟರಲ್ಲಿ ನಡುಕ ಬರುತ್ತದೆ, ಗಿಳಿಯ ಕೊಕ್ಕು ಕೋಳಿಯ ಕೊಕ್ಕಾಗುತ್ತದೆ. ಸೊಸೆ ಕತ್ತರಿಸಿ ನೋಡಿದಳು. ಅವಳ ಗಿಳಿ ಗಿಳಿಯೇ ಹೌದು, ಆದರೆ ಕಾಯಿಲೆ ಬಿದ್ದ ಗಿಳಿ. ಅದನ್ನು ಅವಳ ಎದುರಿಗೇ ಹೇಳಿದೆ. ಅವಳೂ ಇಲ್ಲ ಎನ್ನಲಿಲ್ಲ.

ಮದುವೆ ಕಾಲ ಹತ್ತಿರ ಬಂತು. ಬನವಾಸಿ ಕಡೆಯ ಒಂದು ಮನೆಯವರು ಮೂರು ತಲೆಮಾರಿನಿಂದ ನಮ್ಮಲ್ಲೇ ಬಾಸಿಂಗ ಒಯ್ಯುವವರು. ಆ ಮನೆಯ ಯಜಮಾನತಿ ಫೋನು ಮಾಡಿ, ಈ ಸಲ ಮೂರು ಮದುವೆ ಇದೆ ಎಂದಳು. ನನ್ನ ಕೈಯ ಸುದ್ದಿ ಅಲ್ಲಿಯವರೆಗೂ ಹೋಗಿತ್ತು.

“ಕಟ್ತೀರೋ ಇಲ್ಲೋ ಸೋಮವಾರದೊಳಗ ಹೇಳಿಬಿಡ್ರಿ ಅಜ್ಜಿ. ಇಲ್ಲಾಂದ್ರ ಹುಬ್ಬಳ್ಳಿಯಿಂದ ರೆಡಿಮೇಡ್ ತರಿಸ್ತೀವ್ರಿ” ಎಂದಳು.

ನನಗೇನು, ಬಿಟ್ಟರೂ ನಡೆಯುತ್ತಿತ್ತು. ಕತ್ತರಿಸಿದ್ದು ಸಾಕಷ್ಟಾಯಿತು. ನಡೆಯದೆ ಇದ್ದದ್ದು ಸೊಸೆಗೆ. ಹದಿನೆಂಟು ವರ್ಷ ನನ್ನ ಬೈಗುಳ ತಿಂದು ಕಲಿತ ಕೆಲಸ ಅದು. ಬಾಸಿಂಗ ನಿಂತರೆ ಅವಳು ಬಟ್ಟೆ ಅಂಗಡಿಗೆ ಹೋಗಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಿಸಿ ಇಡಬೇಕು. ಅಂಗಡಿಯವರು ಎರಡು ಸಲ ಕೇಳಿಯೂ ಆಗಿತ್ತು. ಅವಳು ನೋಡೋಣ ಎಂದು ತಳ್ಳುತ್ತ ಬಂದಿದ್ದಳು.

ಕತ್ತರಿಸುವ ಮಷಿನಿನ ಸುದ್ದಿ ತಂದದ್ದು ಅವಳೇ. ಮೊಬೈಲಿನಲ್ಲಿ ತೋರಿಸಿದಳು. ಹೊಲಿಗೆ ಮಷಿನಿಗಿಂತ ಗಿಡ್ಡ, ರೊಟ್ಟಿ ಡಬ್ಬಿಯಂಥದ್ದು. ಒಂದು ಕಡೆಯಿಂದ ಕಾಗದ ಒಳಗೆ ಹೋಗುತ್ತದೆ, ಮುಂದೆ ಬರುತ್ತದೆ, ಹಿಂದೆ ಹೋಗುತ್ತದೆ, ಕೊನೆಗೆ ನೋಡಿದರೆ ಹೂವು ಕತ್ತರಿಸಿ ಆಗಿದೆ. ಕತ್ತರಿ ಇಲ್ಲ. ಸೂಜಿಯ ಮೊನೆಯಷ್ಟು ಒಂದು ಬ್ಲೇಡು, ಅಷ್ಟೇ. ನಾನು ಮೂರನೇ ಇಯತ್ತೆ ಕಲಿತವಳು, ಆ ವೀಡಿಯೋದವರ ಮಾತು ಒಂದೂ ತಿಳಿಯಲಿಲ್ಲ. ಆದರೆ ಕತ್ತರಿಸುವುದನ್ನು ನೋಡಲು ಮಾತು ಯಾಕೆ ಬೇಕು? ಬ್ಲೇಡು ಮೂಲೆಯಲ್ಲಿ ಹೇಗೆ ತಿರುಗುತ್ತದೆ ಎಂಬುದೇ ನನಗೆ ಹತ್ತಿದ ಹುಚ್ಚು. ನಾನು ಮೂಲೆ ಬಂದಾಗ ಕತ್ತರಿ ತಿರುಗಿಸುವುದಿಲ್ಲ, ಹಾಳೆ ತಿರುಗಿಸುತ್ತೇನೆ. ಅದು ಹಾಳೆಯನ್ನು ಹಿಂದೆ ಮುಂದೆ ಮಾತ್ರ ಓಡಿಸುತ್ತದೆ. ಹಾಗಾದರೆ ದುಂಡು ಹೇಗೆ ಬರುತ್ತದೆ? ಹತ್ತು ಸಲ ನೋಡಿದೆ. ಮೊಮ್ಮಗಳು ಅಪ್ಪನ ಹತ್ತಿರ ಹೋಗಿ, ಅಜ್ಜಿ ಮೊಬೈಲಿಗೆ ಮೂಗು ತಾಗಿಸಿಕೊಂಡು ಕೂತದೆ ಎಂದು ಚಾಡಿ ಹೇಳಿದಳು.

ವೀಡಿಯೋ ನೋಡಿ ಕೊಳ್ಳುವುದು ಬೇಡ, ಕಣ್ಣಾರೆ ನೋಡೋಣ ಎಂದೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ತಿರುಗಲು ಅಡ್ಡಿ ಇಲ್ಲ. ಮೊದಲು ನಮ್ಮ ಪೇಟೆಯಲ್ಲೇ ಗಾಡಿಗಳಿಗೆ ನಂಬರು ಬರೆದು ಅಂಟಿಸುವ ಅಂಗಡಿಗೆ ಹೋದೆವು. ಅಲ್ಲಿಯದು ಆಳೆತ್ತರದ ಮಷಿನು, ಕಂಪ್ಯೂಟರು ಇಲ್ಲದೆ ಮಿಸುಕುವುದಿಲ್ಲ. ಸೊಸೆಗೆ ಕಂಪ್ಯೂಟರು ಬಾರದು, ಇಡಲು ಜಾಗವೂ ಇಲ್ಲ. ಆಮೇಲೆ ಸಿದ್ದಾಪುರಕ್ಕೆ ಹೋದೆವು. ಅಲ್ಲಿ ಸೊಸೆಯ ಪರಿಚಯದವಳೊಬ್ಬಳು ಲಗ್ನಪತ್ರಿಕೆಗೆ ಹೂವು ಅಂಟಿಸುವವಳು. ಅವಳದು ಅಂಗೈ ಅಗಲದ ಪುಟ್ಟ ಮಷಿನು. ನೋಡಲು ಚಂದ, ಆದರೆ ನಮ್ಮ ಬಾಸಿಂಗದ ಅರ್ಧವೂ ಅದರ ಬಾಯಿಗೆ ಹಿಡಿಸುವುದಿಲ್ಲ. ಪ್ರತಿ ಸಲವೂ ಮೊಬೈಲಿಗೆ ಜೋಡಿಸಿ, ಇಂಟರ್‌ನೆಟ್ಟಿನಲ್ಲಿ ಚಿತ್ರ ಹುಡುಕಬೇಕಂತೆ. ನನ್ನ ಗಿಳಿ ಇಂಟರ್‌ನೆಟ್ಟಿನಲ್ಲಿ ಎಲ್ಲಿರುತ್ತದೆ? ಅದು ಇರುವುದು ನನ್ನ ಟ್ರಂಕಿನಲ್ಲಿ, ರಟ್ಟಿನ ಅಚ್ಚಾಗಿ.

ಆ ಸಿದ್ದಾಪುರದವಳೇ ಯಲ್ಲಾಪುರದ ದಾರಿ ತೋರಿಸಿದಳು. ಅಲ್ಲಿ ಒಬ್ಬ ಮುಸ್ಲಿಂ ಹೆಂಗಸು ಇದ್ದಾಳೆ, ಗಂಡನದು ಲಾರಿ. ಇವಳು ಮನೆಯಲ್ಲಿ ಕೂತು ಬೇಕರಿಯವರಿಗೆ ಕೇಕಿನ ಮೇಲೆ ಚುಚ್ಚುವ ಹೆಸರುಗಳನ್ನು ಕತ್ತರಿಸಿಕೊಡುತ್ತಾಳೆ. ಅವಳ ಮಷಿನು ಒಂದಡಿ ಅಗಲ, ಕೊಟ್ಟ ಚಿತ್ರವನ್ನು ತಾನೇ ನೋಡಿಕೊಂಡು ಕತ್ತರಿಸುತ್ತದೆ ಎಂದಳು. ಟ್ರಂಕಿನಿಂದ ಅಚ್ಚು ತೆಗೆದೆ. ಎರಡು ಹಾಳೆ ಬೇಗಡೆಯನ್ನೂ ಚೀಲಕ್ಕೆ ಹಾಕಿಕೊಂಡೆ.

ಯಲ್ಲಾಪುರಕ್ಕೆ ಹೋದಾಗ ಆ ಹೆಂಗಸು ಚಾ ಕೊಟ್ಟು ಮಷಿನಿನ ಮುಂದೆ ಕೂರಿಸಿದಳು. ಇದು ಏನೇನು ತಿನ್ನುತ್ತದೆ ಎಂದು ಕೇಳಿದೆ. ನಕ್ಕು, ಕಾಗದ, ಸ್ಟಿಕರು, ತೆಳು ಬಟ್ಟೆ ಎಂದಳು. ನಡುವೆ ಕರೆಂಟು ಹೋದರೆ? ಆ ಹಾಳೆ ಹೋಯಿತು, ಮತ್ತೆ ಮೊದಲಿನಿಂದ. ಬ್ಲೇಡಿಗೆ ಸಾಣೆ ಹಿಡಿಸುವುದು ಎಲ್ಲಿ? ಸಾಣೆ ಇಲ್ಲ, ಮೊಂಡಾದರೆ ಬಿಸಾಡಿ ಹೊಸದು ಹಾಕುವುದು. ಅದು ನನಗೆ ಸರಿಬರಲಿಲ್ಲ. ನಮ್ಮ ಕತ್ತರಿ ನನ್ನ ಅತ್ತೆಯ ಕಾಲದ್ದು. ಹಾಳೆ ಅಲುಗದಂತೆ ಅದನ್ನು ಅಂಟಂಟಾದ ಒಂದು ಚಾಪೆಯ ಮೇಲೆ ಒತ್ತಿ ಕೂರಿಸಬೇಕು ಎಂದು ತೋರಿಸಿದಳು. ಕತ್ತರಿಸುವಾಗ ಬಗ್ಗಿ ನೋಡಿದೆ. ಹಾಳೆ ಹಿಂದೆ ಮುಂದೆ, ಬ್ಲೇಡು ಎಡಕ್ಕೆ ಬಲಕ್ಕೆ, ಎರಡೂ ಒಟ್ಟಿಗೆ ನಡೆದಾಗ ದುಂಡು. ನಾಲ್ಕೈದು ದಿನದಿಂದ ತಲೆ ತಿಂದದ್ದು ಅಲ್ಲಿ ಬಗೆಹರಿಯಿತು.

ಆಮೇಲೆ ನನ್ನ ಅಚ್ಚನ್ನು ಒಳಗೆ ಬಿಟ್ಟಳು. ಬೆಳಕೊಂದು ಹಾದುಹೋಯಿತು, ನನ್ನ ಗಿಳಿ ಅದರ ಗಾಜಿನ ಮೇಲೆ ಬಂದು ಕೂತಿತು. ನಮ್ಮ ಅಚ್ಚಿನಲ್ಲಿ ಒಂದೇ ಗಿಳಿ, ಅರ್ಧ ಕಮಲ. ಬಾಸಿಂಗವನ್ನು ಯಾರೂ ಪೂರ್ತಿ ಬರೆಯುವುದಿಲ್ಲ. ಗಂಡಿನ ಹಾಳೆ, ಹೆಣ್ಣಿನ ಹಾಳೆ ಒಂದರ ಮೇಲೊಂದು ಇಟ್ಟು ನಡುವೆ ಮಡಿಸುತ್ತೇವೆ, ನಾಲ್ಕು ಪದರಕ್ಕೂ ಸೇರಿಸಿ ಅರ್ಧ ಅಚ್ಚು ಕತ್ತರಿಸುತ್ತೇವೆ. ಬಿಚ್ಚಿದರೆ ಎರಡೂ ಹಾಳೆಯಲ್ಲಿ ಗಿಳಿಗಳು ಎದುರುಬದುರು.

ಚೀಲದಿಂದ ಬೇಗಡೆ ತೆಗೆದು ಹಾಗೆಯೇ ಮಡಿಸಿ ಅವಳ ಕೈಗೆ ಕೊಟ್ಟೆ.

“ಅಜ್ಜಿ, ಇದಕ್ಕೆ ಮಡಿಕೆ ಆಗೂದಿಲ್ಲ. ಬಿಚ್ಚಿ ಒಂದೊಂದೇ ಕೊಡಿ. ಇನ್ನೊಂದು ಗಿಳಿ ಇದರಲ್ಲೇ ತಿರುಗಿಸಿ ಹಾಕ್ತೇನೆ” ಎಂದಳು.

“ಗಂಡಿಂದು, ಹೆಣ್ಣಿಂದು ಒಂದೇ ಮಡಿಕೆಯಲ್ಲಿ ಆಗ್ಬೇಕು. ಜೋಡಿ ಬಿಡಿಸೂಕೆ ಆಗೂದಿಲ್ಲ” ಎಂದೆ.

“ನಾಲ್ಕು ಪದರ ಅಜ್ಜಿ.”

“ನನ್ನ ಕೈಗೆ ಆಗ್ತಿತ್ತು. ಕೈಗೆ ಆಗೂದು ಇದಕ್ಕೆ ಆಗೂದಿಲ್ಲ ಅಂದ್ರೆ ಇದನ್ನ ತಗೊಂಡು ಎಂತ ಮಾಡೂದು?”

ಅವಳು ಸೊಸೆಯ ಮುಖ ನೋಡಿದಳು. ಸೊಸೆ ನೆಲ ನೋಡಿದಳು. ಹಿರಿಯಳು, ಮನೆಗೆ ಬಂದವಳು ಎಂದು ಮಷಿನಿನವಳೂ ಮಾತು ಬೆಳೆಸಲಿಲ್ಲ. ಮಡಿಕೆಯನ್ನು ಚಾಪೆಗೆ ಒತ್ತಿ ಒಳಗೆ ಬಿಟ್ಟಳು.

ಮೊದಲು ನೆಟ್ಟಗೇ ನಡೆಯಿತು. ಬ್ಲೇಡು ಬಳ್ಳಿ ದಾಟಿತು, ಗಿಳಿಯ ಸುತ್ತ ಹೋಗಿ ಬಂತು. ನಾನು ಸೊಸೆಯ ಕಡೆ ತಿರುಗಿ, ಕಂಡೆಯಾ ಎನ್ನುವ ಹಾಗೆ ನೋಡಿದೆ. ಕಮಲದ ಎಸಳಿಗೆ ಬಂದಾಗ ಕೆಳಗಿನ ಪದರಗಳು ಜಾರಿದವು. ಬೇಗಡೆ ಸುಟ್ಟ ಹಪ್ಪಳದ ಹಾಗೆ ಮುದುಡಿ ಮೇಲೆದ್ದಿತು, ಒಳಗೆ ಟಿಕ್ ಎಂದಿತು. ಅವಳು ಬೇಗ ಬಂದ್ ಮಾಡಿದಳು. ಬ್ಲೇಡಿನ ಮೊನೆ ಮುರಿದಿತ್ತು. ಮನೆಯಲ್ಲಿದ್ದದ್ದು ಅದೊಂದೇ, ಇನ್ನೊಂದು ಹುಬ್ಬಳ್ಳಿಯಿಂದ ಕೊರಿಯರಿನಲ್ಲಿ ಬರಬೇಕು. ಸಂಜೆಗೆ ಬೇಕರಿಯವರಿಗೆ ಆರು ಹೆಸರು ಕತ್ತರಿಸಿ ಕೊಡುವುದಿತ್ತು. ಹೋಗಲಿ ಬಿಡಿ ಅಜ್ಜಿ ಎಂದು ಇನ್ನೊಂದು ಸಲ ಚಾ ಮಾಡಿದಳು. ಕುಡಿದು, ಹಾಳಾದ ಬೇಗಡೆಯನ್ನು ಚೀಲಕ್ಕೆ ತುರುಕಿಕೊಂಡು ಎದ್ದೆ.

ಬಸ್ಸು ಮಂಚಿಕೇರಿ ದಾಟಿತು. ಸೊಸೆ, ಸೋಮವಾರದಿಂದ ಬಟ್ಟೆ ಅಂಗಡಿಗೆ ಬರುತ್ತೇನೆಂದು ಹೇಳಿಬಿಡುತ್ತೇನೆ ಎಂದಳು.

ಮನೆಯಲ್ಲಿ ಮಗ ಏನಾಯಿತು ಎಂದು ಕೇಳಿದ. ಆ ಮಷಿನಿಗೆ ಬೇಗಡೆ ಆಗುವುದಿಲ್ಲ ಎಂದೆ. ಸೊಸೆ ತಲೆ ಎತ್ತಿ ನನ್ನನ್ನು ನೋಡಿ ಒಳಗೆ ಹೋದಳು. ವೀಡಿಯೋದಲ್ಲಿ ಆಗುತ್ತದಲ್ಲ ಎಂದು ಮೊಮ್ಮಗಳು ಅಡ್ಡ ಬಂದಳು. ಹೋಗಿ ಓದಿಕೋ ಎಂದು ಗದರಿದೆ.

ಮಾರನೇ ದಿನ ಶನಿವಾರ. ಮಧ್ಯಾಹ್ನ ಊಟವಾದ ಮೇಲೆ ಹಾಳಾದ ಬೇಗಡೆಯನ್ನು ಬಿಸಾಡಲು ಚೀಲ ತೆಗೆದೆ. ಬಿಸಾಡುವ ಮೊದಲು ಎಲ್ಲಿ ಹರಿದಿದೆ ನೋಡೋಣ ಎನಿಸಿತು. ಅದು ನನ್ನ ಹಳೆಯ ಚಾಳಿ, ಕೆಟ್ಟದ್ದನ್ನು ಬಿಡಿಸಿ ನೋಡದೆ ಬಿಸಾಡುವವಳಲ್ಲ. ಕೆಳಗಿನ ಎರಡು ಪದರ ಬರೀ ಜಜ್ಜಿಹೋಗಿತ್ತು. ಮೂರನೆಯದರಲ್ಲಿ ಉಗುರಿನಿಂದ ಗೀರಿದಂತೆ ಗೆರೆ. ಮೇಲಿನದನ್ನು ಎಬ್ಬಿಸಿದೆ. ಗಿಳಿ ಪೂರಾ ಬಿಡಿಸಿಕೊಂಡು ಬಂತು. ಕೊಕ್ಕು ಕೊಕ್ಕಿನ ಹಾಗಿತ್ತು. ಕಣ್ಣಿನ ಜಾಗದಲ್ಲಿ ಸಾಸಿವೆಯಷ್ಟು ತೂತು, ದುಂಡಗೆ. ಆ ಕಣ್ಣು ನನಗೆ ಕತ್ತರಿಯಲ್ಲಿ ಒಮ್ಮೆಯೂ ಬಂದದ್ದಲ್ಲ, ಸೂಜಿಯಲ್ಲಿ ಚುಚ್ಚಿ ಸುಧಾರಿಸುತ್ತಿದ್ದೆ. ಒಂದೊಂದೇ ಕೊಡಿ ಎಂದಿದ್ದಳು ಯಲ್ಲಾಪುರದವಳು. ಒಂದೇ ಪದರ ಕತ್ತರಿಸಿತ್ತು. ಮಷಿನು ಹೇಳಿದ ಮಾತಿಗೆ ತಪ್ಪಿರಲಿಲ್ಲ.

ಆ ಗಿಳಿಯನ್ನು ಕಪಾಟಿನ ಕನ್ನಡಿಗೆ ತಾಗಿಸಿ ಹಿಡಿದೆ. ಒಳಗಿನಿಂದ ಇನ್ನೊಂದು ಗಿಳಿ ಎದುರು ಬಂತು. ತಿರುಗಿಸಿ ಹಾಕುತ್ತೇನೆ ಎಂದರೆ ಇದೇ ಎಂದು ಆಗ ತಿಳಿಯಿತು. ಅವಳು ಹೇಳುವಾಗ ನಾನು ಕಿವಿ ಕೊಟ್ಟಿರಲಿಲ್ಲ.

ಹಾಗೆಯೇ ನಿಂತು ಮಡಿಕೆಯ ವಿಷಯ ಯೋಚಿಸಿದೆ. ಜೋಡಿ ಬಿಡಿಸಬಾರದು ಎಂದು ನನಗೆ ಹೇಳಿದವರು ಯಾರು? ನನ್ನ ಅತ್ತೆ ಹೇಳಿದ್ದಿಲ್ಲ. ಅತ್ತೆ ಮಡಿಸುತ್ತಿದ್ದದ್ದು ಕೈ ಉಳಿಸಲಿಕ್ಕೆ. ಒಮ್ಮೆ ಕತ್ತರಿ ಆಡಿಸಿದರೆ ಎರಡು ಬಾಸಿಂಗ ಆಗುತ್ತದೆ, ಅಷ್ಟೇ ಅವಳ ಮಾತು. ಅವಳು ಹೋದ ಮೇಲೆ ಯಾರೋ ಗಿರಾಕಿ, ಎರಡೂ ಬಾಸಿಂಗದಲ್ಲಿ ಗಿಳಿಯ ಬಾಲ ಒಂದೇ ಕಡೆ ಸೊಟ್ಟಗಿದೆಯಲ್ಲ ಎಂದು ಕೇಳಿದರು. ನನ್ನ ಕತ್ತರಿ ಜಾರಿತ್ತು. ಒಂದೇ ಮಡಿಕೆಯಲ್ಲಿ ಕತ್ತರಿಸುವುದು ನಮ್ಮ ಪದ್ಧತಿ, ಗಂಡ ಹೆಂಡತಿ ಬಿಡಿಯಾಗಬಾರದು ನೋಡಿ ಎಂದುಬಿಟ್ಟೆ. ಅವರಿಗೆ ಖುಷಿಯಾಯಿತು, ಹೋಗಿ ಹತ್ತು ಜನಕ್ಕೆ ಹೇಳಿದರು. ಬಂದ ಹತ್ತು ಜನಕ್ಕೂ ನಾನು ಅದನ್ನೇ ಹೇಳಿದೆ. ಹೇಳಿ ಹೇಳಿ ನಾನೇ ನಂಬಿದೆ. ಸೊಸೆ ಬಂದಾಗ ಅವಳಿಗೂ ಶಾಸ್ತ್ರವೆಂದೇ ಕಲಿಸಿದೆ.

ಸೊಸೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಕರೆದು ಗಿಳಿಯನ್ನು ಅವಳ ಒದ್ದೆ ಕೈಯ ಹತ್ತಿರ ಹಿಡಿದೆ.

“ಮೇಲಿನ ಪದರ ನೋಡು.”

“ನಾ ಅಲ್ಲೇ ನೋಡಿದ್ದೆ ಅತ್ತೆ.”

“ಮತ್ತೆ ಹೇಳೂಕೆ ಎಂತ ಆಗಿತ್ತು ನಿನಗೆ?”

“ಹೇಳಿದ್ರೆ ನೀವು ಕೇಳ್ತಿದ್ರಾ?”

ಕೇಳುತ್ತಿರಲಿಲ್ಲ. ಮಡಿಕೆಯ ಶಾಸ್ತ್ರ ಎಲ್ಲಿಂದ ಬಂತು ಎಂಬುದನ್ನು ಇದ್ದ ಹಾಗೆ ಹೇಳಿದೆ. ಅವಳು ಪಾತ್ರೆ ಕೆಳಗಿಟ್ಟಳು. ಆಮೇಲೆ ನಕ್ಕಳು, ತಡೆಯಲಾರದೆ ಕಟ್ಟೆಯ ಮೇಲೆ ಕೂತು ನಕ್ಕಳು. ಹದಿನೆಂಟು ವರ್ಷ ಮಡಿಕೆ ಸರಿ ಬರಲಿಲ್ಲವೆಂದು ನನ್ನಿಂದ ಬೈಸಿಕೊಂಡವಳು. ನಗಲಿ ಎಂದು ಬಿಟ್ಟೆ.

ಸಂಜೆ ಮಗನಿಗೆ, ಮಷಿನಿಗೆ ಬೇಗಡೆ ಆಗುತ್ತದೆ, ನನಗೆ ಆಗಲಿಲ್ಲ ಎಂದೆ. ಬನವಾಸಿಗೆ ಫೋನು ಹಚ್ಚಿಸಿ, ಕಟ್ಟುತ್ತೇವೆ, ಆದರೆ ಕತ್ತರಿಸುವುದು ಮಷಿನು ಎಂದು ಹೇಳಿದೆ.

“ಜೋಡಿ ಒಂದ ಮಡಿಕೀದ ಅಲ್ರಿ?” ಎಂದು ಕೇಳಿದಳು ಯಜಮಾನತಿ.

“ಅಲ್ಲ. ಬಿಡಿಬಿಡಿ. ಅದೊಂದು ನಾನೇ ಕಟ್ಟಿದ ಮಾತಾಗಿತ್ತು.”

ಸೊಸೆ ಪಕ್ಕದಿಂದ ಫೋನಿಗೆ ಕಿವಿ ತಂದಳು.

“ಗಿಳಿ ನಿಮ್ಮದ ಇರ್ತಾವಲ್ರಿ? ಎದುರುಬದುರು?”

“ಇರ್ತಾವೆ.”

“ಆತ್ ಬಿಡ್ರಿ. ಮೂರು ಜೋಡಿ ಹಿಡೀರಿ.”

ಫೋನು ಇಟ್ಟ ಮೇಲೆ ಸೊಸೆ ಯಲ್ಲಾಪುರಕ್ಕೆ ಮಾತಾಡಿದಳು. ಹೊಸ ಬ್ಲೇಡು ಮಧ್ಯಾಹ್ನವೇ ಬಂದಿತ್ತಂತೆ. ಅಂಥದೇ ಮಷಿನು ತರಿಸುವ ಮೊದಲು ನಮ್ಮ ಬೇಗಡೆಯನ್ನು ಸರಿಯಾಗಿ ಒಮ್ಮೆ ಕತ್ತರಿಸಿ ನೋಡಬೇಕು, ಬರಬಹುದೇ ಎಂದು ಕೇಳಿದಳು. ಅಜ್ಜಿಯೂ ಬರುತ್ತಾರಾ ಎಂದು ಆ ಕಡೆಯಿಂದ ಪ್ರಶ್ನೆ ಬಂತು. ಬರುತ್ತಾರೆ, ಮಡಿಸುವುದಿಲ್ಲ ಎಂದು ಸೊಸೆ ನನ್ನನ್ನು ನೋಡುತ್ತಲೇ ಹೇಳಿದಳು.

ಮರುದಿನ ಬೆಳಿಗ್ಗೆ ಎದ್ದು ಒಂದು ಹಾಳೆ ಬೇಗಡೆಯನ್ನು ಎಲ್ಲಿಯೂ ಗೀರು ಬೀಳದಂತೆ ಲಟ್ಟಣಿಗೆಗೆ ಸುತ್ತಿ, ಮೇಲೆ ಹಳೆ ಪಂಚೆ ಕಟ್ಟಿದೆ. ಲಟ್ಟಣಿಗೆಯ ಎರಡೂ ತುದಿ ಹೊರಗೆ ಕಾಣುತ್ತಿತ್ತು. ಸೊಸೆಯ ಜೊತೆ ಮೊದಲ ಬಸ್ಸು ಹತ್ತಿ, ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತೆ. ಕಂಡಕ್ಟರು ಲಟ್ಟಣಿಗೆ ನೋಡಿ ನಕ್ಕು, ಇದರ ಏಟು ಯಾರಿಗೆ ಅಜ್ಜಿ ಎಂದು ಕೇಳಿದ. ಆಧಾರ್ ಕಾರ್ಡು ತೋರಿಸಿ, ಯಲ್ಲಾಪುರಕ್ಕೆ ಎರಡು ಎಂದೆ.