ಟೋನಿ ಬೆನ್ನು ತಿರುಗಿಸಿದ್ದು

ಅಮೆರಿಕದ ಜರ್ಸಿ ಸಿಟಿಯಲ್ಲಿ ನಾವಿದ್ದ ಕಟ್ಟಡಕ್ಕೆ ಟೋನಿ ‘ಸೂಪರ್’, ಅಂದರೆ ಕಟ್ಟಡ ನೋಡಿಕೊಳ್ಳುವವರು. ಬಾಯ್ಲರ್ ನೋಡುವುದು, ನಲ್ಲಿ ರಿಪೇರಿ, ಮೆಟ್ಟಿಲ ಮೇಲಿನ ಹಿಮ ಎತ್ತುವುದು, ಎಲ್ಲ ಅವರದೇ ಕೆಲಸ. ಸ್ಪೇನ್ ದೇಶದ ಗಲೀಸಿಯಾ ಸೀಮೆಯವರು, ಕುಳ್ಳ, ಅರವತ್ತರ ಹತ್ತಿರದ ವಯಸ್ಸು. 1969ರಲ್ಲಿ ನಾವು ಮೈಸೂರಿನಿಂದ ಹೋದಾಗ ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಅಳತೆಯವು. ಅದಕ್ಕೇ ನಮ್ಮ ಮಾತು ಸಲೀಸಾಗಿ ನಡೆಯುತ್ತಿತ್ತು.

ಬೇಸ್‌ಮೆಂಟಿನ ಮೆಷಿನ್ನಿಗೆ ಬಟ್ಟೆ ಹಾಕಿ ನಾನು ಕಾಯುವಾಗ ಅವರು ಬಾಯ್ಲರ್ ಪಕ್ಕದ ಸಿಮೆಂಟು ನೆಲದ ಮೇಲೆ ಕುಣಿಯುತ್ತಿದ್ದರು. ಎರಡು ಕೈಯನ್ನೂ ಕಿವಿಯ ಮಟ್ಟಕ್ಕೆ ಎತ್ತಿ, ಹಿಮ್ಮಡಿ ನೆಲಕ್ಕೆ ತಾಗದ ಹಾಗೆ. ಮೊದಲ ಸಲ ನೋಡಿದಾಗ ಕಾಲು ಸುಟ್ಟುಕೊಂಡರೇನೋ ಎಂದುಕೊಂಡೆ. ಅವರ ಹೆಂಡತಿ ಒಬ್ದುಲಿಯಾ ಎರಡು ಕಪ್ಪೆಚಿಪ್ಪುಗಳನ್ನು ಒಂದಕ್ಕೊಂದು ಉಜ್ಜಿ ತಾಳ ಹಾಕುತ್ತಿದ್ದರು.

“ಇದು ಮುನ್ಯೇರಾ, ಗಿರಣಿಯವಳ ಕುಣಿತ,” ಎಂದರು ಟೋನಿ. “ನಮ್ಮೂರಲ್ಲಿ ಹೊಳೆ ನೀರಿಗೆ ತಿರುಗೋ ಗಿರಣಿ. ಮುಸುಕಿನ ಜೋಳ ಹೊತ್ಕೊಂಡು ಹೋದ್ರೆ ಸರದಿ ಬರೋಕೆ ಅರ್ಧ ದಿನ. ಸುಮ್ಮನೆ ಕೂತರೆ ಚಳಿ. ಅದಕ್ಕೆ ಕುಣಿಯೋದು.”

“ನೀವೂ ಸರದಿ ಕಾಯೋರೇ. ಬನ್ನಿ, ಸೆನ್ಯೋರಾ,” ಎಂದರು ಒಬ್ದುಲಿಯಾ.

“ಸೀರೆ ಕಾಲಿಗೆ ಸಿಕ್ಕಿ ಬಿದ್ದರೆ ನಿಮ್ಮ ಯಜಮಾನರೇ ಎತ್ತಬೇಕಾಗುತ್ತೆ.”

“ಎತ್ತುತ್ತಾನೆ ಬಿಡಿ. ಹಿಮ ಎತ್ತೋ ಸಲಿಕೆ ಇದೆಯಲ್ಲ.”

ಆ ಕುಣಿತದಲ್ಲಿ ಗಂಡಸರ ಸಾಲು, ಹೆಂಗಸರ ಸಾಲು ಎದುರುಬದುರು ನಿಲ್ಲುತ್ತವೆ. ಗಂಡಸರ ಸಾಲಿನ ತುದಿಯಲ್ಲಿ ಒಬ್ಬ ಮುಂದಾಳು. ಅವನು ಒಂದು ಹೆಜ್ಜೆ ಹಾಕಿ ತೋರಿಸಿದರೆ ಉಳಿದವರು ಅದನ್ನೇ ಹಾಕಬೇಕು. ಅವನು ಸುತ್ತಿದರೆ ಎಲ್ಲರೂ ಸುತ್ತಬೇಕು. ಯಾವ ಹೆಜ್ಜೆ ಎಂದು ಮೊದಲೇ ಹೇಳುವ ಪದ್ಧತಿ ಇಲ್ಲ. ಅವರ ಊರಿನವರ ಸಂಘದಲ್ಲಿ ಆ ಜಾಗ ಹದಿನೆಂಟು ವರ್ಷದಿಂದ ಟೋನಿಯದು. ಕಟ್ಟಡದಲ್ಲಿ ನಲ್ಲಿ ಸೋರಿದಾಗ ಮಾತ್ರ ಜನಕ್ಕೆ ಅವರ ನೆನಪು. ಸಂಘದಲ್ಲಿ ಇಪ್ಪತ್ತು ಜನ ಅವರ ಕಾಲು ನೋಡಿ ಕಾಲಿಡುತ್ತಿದ್ದರು.

1976ರಲ್ಲಿ ಅಮೆರಿಕಕ್ಕೆ ಇನ್ನೂರು ವರ್ಷ ತುಂಬಿತು. ಹೊಳೆ ದಂಡೆಯ ಪಾರ್ಕಿನಲ್ಲಿ ಒಂದೊಂದು ದೇಶದವರಿಗೂ ಹತ್ತು ಹತ್ತು ನಿಮಿಷ ಕೊಟ್ಟರು. ಸಂಘದ ಅಧ್ಯಕ್ಷ ರಮೀರೊ, ಇನ್ಶೂರೆನ್ಸ್ ಮಾರುವ ಹುಡುಗ, ಒಂದು ಪೆಟ್ಟಿಗೆ ಕೆಂಪು ನೆರಿಗೆ ಲಂಗ ತಂದು ಬೇಸ್‌ಮೆಂಟಿನಲ್ಲಿ ಇಳಿಸಿದ.

“ಸ್ಪೇನ್ ಅಂದ್ರೆ ಇಲ್ಲಿಯವರಿಗೆ ಇದೇ. ಗಂಡಸರು ಮುಂದೆ, ಹೆಂಗಸರು ಹಿಂದೆ. ಎಲ್ಲರೂ ಜನರ ಕಡೆ ಮುಖ ಮಾಡಬೇಕು.”

“ಅದು ದಕ್ಷಿಣದವರ ಲಂಗ,” ಎಂದರು ಟೋನಿ. “ನಮ್ಮದು ಮಳೆ ಊರು, ಕರಿ ಉಣ್ಣೆ.”

“ಮಳೆ ನೋಡೋಕೆ ಯಾರು ಬರ್ತಾರೆ? ನಿಮಗೆ ಆಗಲ್ಲ ಅಂದ್ರೆ ಹೇಳಿಬಿಡಿ, ಮುಂದಿನ ಜಾಗಕ್ಕೆ ಬೇರೆಯವರನ್ನ ಹಾಕ್ತೀನಿ.”

ಲಂಗಕ್ಕೆ ಒಬ್ದುಲಿಯಾ ಒಪ್ಪಲಿಲ್ಲ. ಪೆಟ್ಟಿಗೆ ವಾಪಸು ಹೋಯಿತು. ಮುಖದ ವಿಷಯಕ್ಕೆ ಟೋನಿ ಒಪ್ಪಿದರು. ಜಾಗ ಬಿಡಲು ಮನಸ್ಸಿರಲಿಲ್ಲ.

ರಮೀರೊ ಹೋದ ಮೇಲೆ ಟೋನಿ ನನ್ನನ್ನು ಕೇಳಿದರು, “ನಿಮ್ಮ ಕಡೆ ಕುಣಿಯೋವಾಗ ಯಾರ ಕಡೆ ನೋಡ್ತಾರೆ?”

“ಕೋಲಾಟದಲ್ಲಿ ಎದುರಿನವರ ಕೋಲಿನ ಕಡೆ. ಜನರನ್ನ ನೋಡ್ತಾ ನಿಂತರೆ ಏಟು ಬೆರಳಿಗೆ.”

ಆ ದಿನ ನಾನು, ನಮ್ಮ ಮನೆಯವರು ಇಬ್ಬರೂ ಹೋದೆವು. ಜುಲೈ ತಿಂಗಳ ಸೆಖೆಯಲ್ಲಿ ಅಷ್ಟೂ ಜನ ಕರಿ ಉಣ್ಣೆ. ಮುದುಕರೊಬ್ಬರು ತೊಗಲಿನ ಚೀಲ ಕಂಕುಳಲ್ಲಿ ಒತ್ತಿಕೊಂಡು ಕೊಳವೆ ಊದಿದರು. ಮೊದಲ ಎರಡು ಹೆಜ್ಜೆ ಎಲ್ಲರ ಮುಖವೂ ನಮ್ಮ ಕಡೆಗಿತ್ತು. ಟೋನಿಯ ಹಿಮ್ಮಡಿ ನೆಲಕ್ಕೆ ತಾಗುತ್ತಿತ್ತು. ಏಳು ವರ್ಷದಲ್ಲಿ ನಾನು ಅದನ್ನು ಕಂಡಿರಲಿಲ್ಲ.

ಮೂರನೆಯ ಹೆಜ್ಜೆಗೆ ಅವರು ಹಿಂದಕ್ಕೆ ತಿರುಗಿ ಒಬ್ದುಲಿಯಾಗೆ ಎದುರಾದರು. ಗಂಡಸರ ಸಾಲು ಪೂರ್ತಿ ತಿರುಗಿತು. ರಮೀರೊ ಮೇಲೆ ಸಾಲಿನವರಿಗೇನೂ ಸಿಟ್ಟಿರಲಿಲ್ಲ. ಮುಂದಾಳು ತಿರುಗಿದರು, ಇವರೂ ತಿರುಗಿದರು. ವೇದಿಕೆಯ ಕೆಳಗಿನಿಂದ ರಮೀರೊ ಕೈಸನ್ನೆ ಮಾಡುತ್ತಲೇ ಇದ್ದ. ಅದನ್ನು ನೋಡಲು ಅಲ್ಲಿ ಬರೀ ಬೆನ್ನುಗಳಿದ್ದವು.

“ಇದೇನೇ, ನಮಗೆ ಬೆನ್ನು ತೋರಿಸ್ತಿದ್ದಾರೆ?” ಎಂದರು ನಮ್ಮ ಮನೆಯವರು.

“ಕಾಲು ನೋಡಿ,” ಎಂದೆ. ಹಿಮ್ಮಡಿ ಮೇಲಿತ್ತು.

ಮುಂದಿನ ವಾರ ಆ ಜಾಗ ಇನ್ನೊಬ್ಬನಿಗೆ ಹೋಯಿತು. ಟೋನಿ ಸಾಲಿನ ಕೊನೆಗೆ ಹೋದರು. ಬೇಸ್‌ಮೆಂಟಿನಲ್ಲಿ ಬಹಳ ದಿನ ಕುಣಿಯಲಿಲ್ಲ.

ಮರುವರ್ಷ ಅದೇ ಪಾರ್ಕು. ಹೊಸ ಮುಂದಾಳಿಗೆ ಬರುತ್ತಿದ್ದುದು ಟೋನಿ ಹಾಕಿದ ಹೆಜ್ಜೆಗಳು ಮಾತ್ರ, ಕಲಿತ ಹಾಗೇ ಹಾಕಿದ. ಮೂರನೆಯದಕ್ಕೆ ಅವನು ಹಿಂದಕ್ಕೆ ತಿರುಗಿದ. ಸಾಲು ತಿರುಗಿತು. ಎಲ್ಲರಿಗಿಂತ ಕೊನೆಗೆ, ಮುಂದಾಳನ್ನು ನೋಡಿಕೊಂಡು, ಟೋನಿಯೂ ತಿರುಗಿದರು.